ಒಂದು ಗ್ಲೌಸ್ ಹದಕ್ಕೆ ಬರುವಷ್ಟರಲ್ಲಿ

ನಾನೊಂದು ಕೆಲಸಕ್ಕೆ ಕೈ ಹಾಕಿದೆನೆಂದರೆ ಸಾಕು, ತಮ್ಮದೂ ಒಂದು ಕೈ ಇರಲಿ ಎಂದು ಜನ ಎಲ್ಲಿಂದಲೋ ಬಂದೇ ಬರುತ್ತಾರೆ. ಬನಹಟ್ಟಿಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಆಟ ಕಲಿಸುವ ಟೀಚರ್ ನಾನು. ಗಣಿತದ ಟೀಚರ್ ಲೆಕ್ಕ ಬಿಡಿಸುವಾಗ ಯಾರೂ ನಡುವೆ ಬಾಯಿ ಹಾಕುವುದಿಲ್ಲ. ಆಟ ಎಂದರೆ ಮಾತ್ರ ಊರಿಗೆಲ್ಲ ಗೊತ್ತಿರುತ್ತದೆ.

ನಮ್ಮದು ಸಾಫ್ಟ್‌ಬಾಲ್ ತಂಡ. ಬ್ಯಾಟು ಹಿಡಿದವಳ ಹಿಂದೆ ಕುಕ್ಕರಗಾಲಲ್ಲಿ ಕೂತು ಚೆಂಡು ಹಿಡಿಯುವವಳು ಹತ್ತನೇ ಇಯತ್ತೆಯ ಹುಡುಗಿ. ಹೋದ ವರ್ಷ ಜಮಖಂಡಿಯ ಪಂದ್ಯದಲ್ಲಿ ಚೆಂಡು ಅವಳ ಹಳೆಯ ಗ್ಲೌಸನ್ನು ಹರಿದುಕೊಂಡು ಹಿಂದೆ ಹೋಯಿತು, ನಾವು ಸೋತೆವು. ಬಸ್ಸಿನಲ್ಲಿ ಬನಹಟ್ಟಿ ಬರುವವರೆಗೂ ಅವಳು ಅತ್ತಳು. ಈ ವರ್ಷ ಅವಳಿಗೆ ಕೊನೆಯ ಅವಕಾಶ. ಗೆದ್ದರೆ ಜಿಲ್ಲಾ ಪಂದ್ಯಕ್ಕೆ ಬಾಗಲಕೋಟೆಗೆ, ಇಲ್ಲದಿದ್ದರೆ ಅಲ್ಲಿಗೆ ಮುಗಿಯಿತು. ಅವಳ ಕೈಗೊಂದು ಒಳ್ಳೆಯ ಗ್ಲೌಸ್ ಬೇಕಿತ್ತು, ಅಷ್ಟೇ. ಅಷ್ಟೇ ಅಂದುಕೊಂಡಿದ್ದೆ.

ಪ್ಲಾಸ್ಟಿಕ್

ಹೊಸ ಚರ್ಮದ ಗ್ಲೌಸ್ ಬಂತು. ಚಪಾತಿ ಲಟ್ಟಿಸುವ ಮಣೆಯಷ್ಟು ಗಟ್ಟಿ. ನಾನು ನೋಡುವ ಮೊದಲೇ ಹೆಡ್ ಮಾಸ್ತರರು ಅದನ್ನು ಪ್ಲಾಸ್ಟಿಕ್ ಸಮೇತ ತಮ್ಮ ಕೋಣೆಯ ಗಾಜಿನ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದರು. ನಮ್ಮ ಹೆಡ್ ಮಾಸ್ತರರ ಸ್ಕೂಟರಿನ ಸೀಟಿಗೆ ಕೊಂಡ ದಿನದ ಪ್ಲಾಸ್ಟಿಕ್ ಇನ್ನೂ ಹಾಗೇ ಇದೆ. ಬೇಸಿಗೆಯಲ್ಲಿ ಅದು ಸುಡುತ್ತದೆಂದು ನಿಂತೇ ಓಡಿಸುತ್ತಾರೆಯೇ ಹೊರತು ತೆಗೆಯುವುದಿಲ್ಲ.

"ಸರ್ರ, ಗ್ಲೌಸ್ ಕೊಡ್ರಿ. ಎಣ್ಣಿ ಹಚ್ಚಿ, ಒಳಗ ಚೆಂಡ ಇಟ್ಟು ಕಟ್ಟಿ, ಬಡದು ಬಡದು ಮೆತ್ತಗ ಮಾಡಬೇಕ್ರಿ" ಎಂದೆ.

ಅವರು ಗಾಬರಿಯಾದರು. "ಬಡಿಯೂದ? ಹೊಸಾದನ್ನ?"

"ಮೆತ್ತಗ ಆಗ್ಲಿಲ್ಲಾಂದ್ರ ಚೆಂಡ ನಿಲ್ಲೂದಿಲ್ರಿ."

"ನಿಲ್ಲೂದು ಚೆಂಡಿನ ಕೆಲಸ ಅಲ್ರಿ ಅಕ್ಕೋರ, ಹಿಡಿಯೂದು ಹುಡುಗಿ ಕೆಲಸ."

ಇದಕ್ಕೆ ಏನು ಹೇಳುತ್ತೀರಿ? ನಾಲ್ಕಾರು ಸಲ ಅವರ ಕೋಣೆಗೆ ಎಡತಾಕಿದ ಮೇಲೆ ಕೀಲಿ ತಿರುಗಿತು. ಮಗಳನ್ನು ಗಂಡನ ಮನೆಗೆ ಕಳಿಸುವವರ ಮುಖ ಮಾಡಿಕೊಂಡು ಗ್ಲೌಸನ್ನು ನನ್ನ ಕೈಗಿಟ್ಟರು.

"ಒಯ್ರಿ. ಏನರ ಮಾಡ್ರಿ. ಪ್ಲಾಸ್ಟಿಕ್ ಮಾತ್ರ ತಗೀಬ್ಯಾಡ್ರಿ."

ಎಣ್ಣೆ

ಮನೆಗೆ ಬಂದು ಅತ್ತೆಯವರಿಗೆ, "ಸ್ವಲ್ಪ ಎಣ್ಣಿ ಬೇಕ್ರಿ, ಈ ಚರ್ಮಕ್ಕ ಹಚ್ಚಬೇಕು" ಎಂದು ಹೇಳಿದ್ದೇ ತಪ್ಪಾಯಿತು. ಚರ್ಮಕ್ಕೆ ಹೊಸ ಎಣ್ಣೆ ಸುರಿಯುವ ಸೊಸೆಯನ್ನು ಅವರು ಎಲ್ಲೂ ಕಂಡಿರಲಿಲ್ಲ. ಮರುದಿನ ನಾನು ಶಾಲೆಗೆ ಹೋದಾಗ ತಾವೇ ಕೂತು, ಮೆಣಸಿನಕಾಯಿ ಭಜಿ ಕರಿದು ಉಳಿದಿದ್ದ ಎಣ್ಣೆಯನ್ನು ಗ್ಲೌಸಿಗೆ ಒಳಗೂ ಹೊರಗೂ ತಿಕ್ಕಿ, ಮಾಳಿಗೆಯ ಮೇಲೆ ಒಣಹಾಕಿದ್ದಾರೆ. ಕೂಸಿಗೂ ಅಷ್ಟು ಚೆನ್ನಾಗಿ ಎಣ್ಣೆ ಹಚ್ಚಿರಲಿಕ್ಕಿಲ್ಲ.

ನಮ್ಮ ಮಾಳಿಗೆಗೆ ಮಾಳಿಗೆ ಕೂಡಿದ ಪಕ್ಕದ ಮನೆಯಲ್ಲಿ ಒಂದು ಮುಧೋಳ ನಾಯಿ ಇದೆ. ಭಜಿಯ ವಾಸನೆ ಬಂದರೆ ಬಿಟ್ಟೀತೆ?

ಸಂಜೆ ನಾನು ಮೈದಾನದಲ್ಲಿ ಹುಡುಗಿಯರನ್ನು ಓಡಿಸುತ್ತಿದ್ದೆ. ನಾಯಿ ಬಾಯಲ್ಲಿ ಗ್ಲೌಸ್ ಕಚ್ಚಿಕೊಂಡು ನಮ್ಮ ನಡುವಿನಿಂದಲೇ ಹಾದುಹೋಯಿತು. ಇಡೀ ತಂಡ ಬೆನ್ನು ಹತ್ತಿತು. ಮುಧೋಳ ನಾಯಿ ಓಡಲು ನಿಂತರೆ ಹಿಡಿಯುವವರು ಯಾರು? ಮೂರು ಸುತ್ತು ಹಾಕಿಸಿ, ನಮಗೆಲ್ಲ ಏದುಸಿರು ಬಂದ ಮೇಲೆ, ಅದು ತಾನಾಗಿಯೇ ಮನೆಗೆ ಹೋಗಿ ತನ್ನ ಯಜಮಾನರ ಕಾಲ ಬಳಿ ಗ್ಲೌಸ್ ಇಟ್ಟು ಕೂತಿತು.

ನಾನು ಸಿಟ್ಟಿನಿಂದ ಕುದಿಯುತ್ತ ಹೋದರೆ ಯಜಮಾನರು ಗ್ಲೌಸನ್ನು ತಿರುವಿ ತಿರುವಿ ತೋರಿಸಿದರು. "ನೋಡ್ರಿ ಅಕ್ಕೋರ, ಒಂದ ಹಲ್ಲ ಊರಿಲ್ಲ, ಕೆಳಗೂ ಬೀಳಿಸಿಲ್ಲ. ನಿಮ್ಮ ಹುಡಿಗ್ಯಾರನ್ನ ನಾಕ ದಿನ ಇದರ ಕಡೆ ಕಳಸ್ರಿ, ಹಿಡಿಯೂದು ಕಲೀತಾರ."

ಬಸ್ಸು

ಇನ್ನು ಯಾರನ್ನೂ ನಂಬುವುದಿಲ್ಲವೆಂದು ಗ್ಲೌಸನ್ನು ಜೊತೆಯಲ್ಲೇ ಒಯ್ಯತೊಡಗಿದೆ. ಒಂದು ದಿನ ಜಮಖಂಡಿಗೆ ಮೀಟಿಂಗಿಗೆ ಹೋಗಬೇಕಿತ್ತು. ದಾರಿಯಲ್ಲಿ ಸುಮ್ಮನೆ ಕೂರುವುದೇಕೆ? ಎಡಗೈಗೆ ಗ್ಲೌಸ್ ಹಾಕಿ, ಒಳಗೆ ಚೆಂಡಿಟ್ಟು, ಮೇಲೆ ಹಳೆಯ ಸೀರೆಯ ಅರಿವೆಯಿಂದ ಬಿಗಿದು, ಒಳಗೊಳಗೇ ಬೆರಳು ಅದುಮುತ್ತ ಬಸ್ ಹತ್ತಿದೆ. ಕಾಲಿಡಲು ಜಾಗವಿರಲಿಲ್ಲ.

"ಅಯ್ಯ ಶಿವನ! ಕೈ ಹೆಂಗ ಬಾತೇತಿ ನೋಡ ಪಾಪ!" ಎಂದಳು ಕಿಟಕಿಯ ಬಳಿಯ ಅಜ್ಜಿಯೊಬ್ಬಳು. ಇಬ್ಬರು ಎದ್ದು ಸೀಟು ಕೊಟ್ಟರು. ನಿಜ ಹೇಳಬೇಕೆಂದೇ ಬಾಯಿ ತೆರೆದೆ, ಅಷ್ಟರಲ್ಲಿ ಅಜ್ಜಿ ಎಳೆದು ಕೂರಿಸಿಕೊಂಡಳು. ಕೂತ ಮೇಲೆ ನಿಜ ಹೇಳಿದರೆ ಏಳಬೇಕಾಗುತ್ತದೆ. ಗ್ಲೌಸನ್ನು ಮಡಿಲಲ್ಲಿಟ್ಟುಕೊಂಡೆ. ಅಜ್ಜಿ ಕಣ್ಣು ಮುಚ್ಚಿ, ಏನೋ ಪಿಟಿಪಿಟಿ ಅನ್ನುತ್ತ, ದಾರಿಯುದ್ದಕ್ಕೂ ಗ್ಲೌಸಿನ ಮೇಲೆ ಕೈಯಾಡಿಸಿದಳು.

ಜಮಖಂಡಿ ಬಂತು. ಚೀಲ ಎತ್ತಿಕೊಳ್ಳಲು ಎರಡೂ ಕೈ ಬೇಕಲ್ಲ? ಮರೆತು ಗಂಟು ಬಿಚ್ಚಿ, ಕೈ ಹೊರಗೆ ತೆಗೆದೇಬಿಟ್ಟೆ. ಬಸ್ಸೆಲ್ಲ ನನ್ನ ಕೈಯನ್ನೇ ನೋಡಿತು. ನಾನು ನಾಚಿಕೆಯಿಂದ ಸತ್ತೆ.

"ಗುಣಾ ಆತ ನೋಡ!" ಎಂದು ಅಜ್ಜಿ ಕೂಗಿದಳು. "ನನ್ನ ಕೈಗುಣಾ ಅಂಥಾದ್ದೈತಿ!"

ನಾನು ಇಳಿದು ತಿರುಗಿ ನೋಡುವಷ್ಟರಲ್ಲಿ ಕಂಡಕ್ಟರು ಅಜ್ಜಿಯ ಮುಂದೆ ಬಗ್ಗಿ ತಮ್ಮ ಸೊಂಟ ತೋರಿಸುತ್ತಿದ್ದರು.

ಮಾಮಾ

ಇಷ್ಟೆಲ್ಲ ಆದರೂ ಗ್ಲೌಸ್ ಮಣಿಯಲಿಲ್ಲ. ಪಂದ್ಯ ಹತ್ತಿರ ಬರುತ್ತಿತ್ತು. ಹುಡುಗಿ ದಿನಾ ಕೇಳುತ್ತಿದ್ದಳು, "ಟೀಚರ್ರ, ಮುಚ್ಚತೈತೇನ್ರಿ?"

ಆಗ ನೆನಪಾದದ್ದು ಸಾವಳಗಿಯ ನಮ್ಮ ಸೋದರಮಾವ. ನಮ್ಮ ಬಳಗದಲ್ಲಿ ಯಾರೇ ಹೊಸ ಕೊಲ್ಹಾಪುರಿ ಚಪ್ಪಲಿ ಕೊಂಡರೂ ಮೊದಲು ಅವರೇ ಮೆಟ್ಟಬೇಕು. ಅವರ ಅಂಗಾಲಿಗೆ ಮುಳ್ಳೂ ಹೆದರುತ್ತದೆ. ಹೊಲದಲ್ಲಿ ಕೆಲವು ದಿನ ತುಳಿದು, ಕಚ್ಚುವ ಚಪ್ಪಲಿಯನ್ನು ಮೆತ್ತಗೆ ಮಾಡಿ ಕೊಡುತ್ತಾರೆ. ಮದುಮಗನ ಚಪ್ಪಲಿಯೂ ಮೊದಲು ಮಾಮಾನ ಕಾಲಿಗೇ. ಕಾಲಿನದಾದರೆ ಕೈಯದು ಯಾಕಾಗಬಾರದು?

"ಕೊಡ ಯವ್ವಾ. ಕಾಲೇನು, ಕೈಯೇನು, ಚರ್ಮ ಚರ್ಮನ" ಎಂದು ಮಾಮಾ ಒಯ್ದರು.

ಏನು ಮಾಡಿದರೋ ಕೇಳಬೇಡಿ. ಅದನ್ನು ಹಾಕಿಕೊಂಡೇ ಜಾಲಿಮುಳ್ಳು ಎಳೆದರಂತೆ, ಕಬ್ಬಿನ ಒಣಗರಿಯ ರವದಿ ಗುಡಿಸಿದರಂತೆ, ಎಮ್ಮೆಯ ಮೈ ತಿಕ್ಕಿದರಂತೆ. ತಿರುಗಿ ಬಂದಾಗ ಗ್ಲೌಸ್ ಎರಡು ಬೆರಳಿಗೆ ಮಡಚುತ್ತಿತ್ತು. ಹುಡುಗಿ ಎಂಥ ಚೆಂಡನ್ನೂ ಬಿಡಲಿಲ್ಲ. ಅಂದು ನನಗಾದ ಸಂತೋಷ ಹೇಳತೀರದು. ಸ್ವಲ್ಪ ಎಮ್ಮೆಯ ವಾಸನೆ ಬರುತ್ತಿತ್ತು, ಬರಲಿ.

ಅಷ್ಟರಲ್ಲಿ ಮಾಮಾನ ಫೋನು. "ಯವ್ವಾ, ಆಟ ಮುಗದ ಕೂಡ್ಲೇ ಅದನ್ನ ವಾಪಸ್ ಕಳಸ. ಆ ಕೈ ಆಡಿಸಲಿಲ್ಲಾಂದ್ರ ಎಮ್ಮಿ ಈಗ ಹಾಲ ಕೊಡವಲ್ದು."

ಪಂದ್ಯ

ಪಂದ್ಯದ ಹಿಂದಿನ ದಿನ ಶನಿವಾರ, ಅರ್ಧ ದಿನದ ಶಾಲೆ ಮುಗಿಸಿ ಆಟದ ಸಾಮಾನೆಲ್ಲ ಆಫೀಸಿನಲ್ಲಿಟ್ಟು ಮನೆಗೆ ಬಂದೆ. ಮರುದಿನ ಬೆಳಿಗ್ಗೆ ಜಮಖಂಡಿಯ ಮೈದಾನಕ್ಕೆ ಹೆಡ್ ಮಾಸ್ತರರು ನಗುನಗುತ್ತ ಬಂದರು. ಕೈಯಲ್ಲೊಂದು ಹೊಳೆಯುವ ವಸ್ತು.

"ಎಂಥಾ ಗತಿ ತಂದಿದ್ರಿ ಅಕ್ಕೋರ ಅದಕ್ಕ! ನನ್ನ ಜೀವಾ ತಡೀಲಿಲ್ಲ. ನಿನ್ನೆ ಹೊಲಿಗಿ ಬಿಗಿ ಮಾಡಿಸಿ, ಒಳಗ ಹಲಗಿ ಕೂಡ್ರಿಸಿ ಬಡಿಸಿ, ಎರಡ ಸಲ ಪಾಲಿಶ್ ಹೊಡಿಸಿ, ಬಿಸಲಾಗ ಒಣಗಿಸೇನಿ. ನೋಡ್ರಿ, ಹೊಸಾದರಂಗ!"

ಹೊಸದಕ್ಕಿಂತ ಗಟ್ಟಿಯಾಗಿತ್ತು. ಸಿಟ್ಟಿಗೆ ಅಳು ಬರುತ್ತದಲ್ಲ, ಅದು ಬಂತು ನನಗೆ. ಎಣ್ಣೆ, ನಾಯಿ, ಬಸ್ಸು, ಎಮ್ಮೆ ಎಲ್ಲ ಒಂದೇ ಮಧ್ಯಾಹ್ನದಲ್ಲಿ ಹಾಳು. ಹುಡುಗಿ ಕೈ ಹಾಕಿ ನೋಡಿ, "ಟೀಚರ್ರ, ಮುಚ್ಚವಲ್ದ್ರಿ" ಎಂದಳು, ಅಷ್ಟೇ. ಅವಳ ಮುಖ ನೋಡಲಾಗಲಿಲ್ಲ.

ಆಟ ಶುರುವಾಯಿತು. ಬಂದ ಚೆಂಡೆಲ್ಲ ಗ್ಲೌಸಿಗೆ ತಾಗಿ ಠಪ್ ಎಂದು ಮುಂದಕ್ಕೆ ಪುಟಿಯುತ್ತಿತ್ತು. ಪುಟಿದದ್ದರ ಹಿಂದೆ ಹುಡುಗಿ ಕಪ್ಪೆಯ ಹಾಗೆ ಹಾರುತ್ತಿದ್ದಳು. ಹಾಗೂ ಹೀಗೂ ಕೊನೆಯವರೆಗೆ ಬಂದೆವು. ನಮ್ಮದು ಒಂದೇ ರನ್ ಮುಂದೆ. ಅವರಲ್ಲಿ ಇನ್ನೊಬ್ಬಳು ಔಟಾದರೆ ನಾವು ಗೆದ್ದಂತೆ. ಒಬ್ಬಳು ಓಡಿ ಬರುತ್ತಿದ್ದಾಳೆ, ದೂರದಿಂದ ಚೆಂಡು ಬರುತ್ತಿದೆ. ಅವಳು ಗೆರೆ ಮುಟ್ಟುವ ಮೊದಲು ಚೆಂಡು ಹಿಡಿದು ಅವಳಿಗೆ ತಾಗಿಸಬೇಕು, ಇಲ್ಲವಾದರೆ ಸಮವಾಗುತ್ತದೆ, ಅವಳ ಹಿಂದಿನವಳೂ ಬಂದರೆ ಹೋದ ವರ್ಷದ್ದೇ ಕಥೆ.

ಹುಡುಗಿ ಹಿಡಿಯಲು ಹೋಗಲೇ ಇಲ್ಲ. ಮೈದಾನದ ನಡುವೆ ನಿಂತು ಬ್ಯಾಟಿನವಳಿಗೆ ಚೆಂಡೆಸೆಯುವ ಗೆಳತಿಗೆ ಒದರಿದಳು, "ಲೇ, ಓಡಿ ಬಾ ಬೇ! ಇದು ಪುಟಿತೈತಿ!" ಗ್ಲೌಸನ್ನು ಹಲಗೆಯಂತೆ ಎರಡೂ ಕೈಯಲ್ಲಿ ಒಡ್ಡಿದಳು. ಠಪ್! ಚೆಂಡು ಸೀದಾ ಗೆಳತಿಯ ಕೈಗೆ. ಗೆಳತಿ ಅದನ್ನು ಗೆರೆಯತ್ತ ಓಡುತ್ತಿದ್ದವಳ ಬೆನ್ನಿಗೆ ತಾಗಿಸಿದಳು. ಔಟ್!

ಹುಡುಗಿ ಈ ವರ್ಷವೂ ಅತ್ತಳು. ನಾನೂ ಅತ್ತೆ. ಹೆಡ್ ಮಾಸ್ತರರು ಮಾತ್ರ ಎದೆಯುಬ್ಬಿಸಿ ಎಲ್ಲರಿಗೂ ಹೇಳುತ್ತಿದ್ದರು, "ಅಕ್ಕೋರ ಮೆತ್ತಗ ಮಾಡಿದ್ರು, ನಾ ಸರಿ ಮಾಡಿಸಿದೆ."

ಸೋಮವಾರ ಗ್ಲೌಸ್ ತರಲು ಅವರ ಕೋಣೆಗೆ ಹೋದೆ. ಬಾಗಲಕೋಟೆಯ ಪಂದ್ಯಕ್ಕೆ ಮತ್ತೆ ಮೊದಲಿನಿಂದ ಹದ ಮಾಡಬೇಕಲ್ಲ! ಗ್ಲೌಸ್ ಗಾಜಿನ ಕಪಾಟಿನಲ್ಲಿ ಬಹುಮಾನದ ಕಪ್ಪಿನ ಪಕ್ಕ ಕೂತಿತ್ತು. ಕುಂಕುಮ ಹಚ್ಚಿ, ಹೊಸ ಪ್ಲಾಸ್ಟಿಕ್ ಸುತ್ತಿದ್ದರು.

"ಸರ್ರ, ಗ್ಲೌಸ್ ಕೊಡ್ರಿ."

ಹೆಡ್ ಮಾಸ್ತರರು ನನ್ನನ್ನು ಹುಚ್ಚಿಯೆಂಬಂತೆ ನೋಡಿದರು.

"ಗೆದ್ದ ಗ್ಲೌಸ್ ರೀ ಅದು. ಆಡಾಕ ಹೆಂಗ ಕೊಡೂದು?"