ದೃಷ್ಟಿಬೊಂಬೆಯ ಅಂಗಿ

ಕಾಫಿ ಲೋಟ ಹಿಡಿದು ಮಹಡಿಗೆ ಹೊರಟ ರಂಜಿನಿ ಎಂಟನೇ ಮೆಟ್ಟಿಲಲ್ಲೇ ನಿಂತುಬಿಟ್ಟಳು. ಮೇಲೆ ಏಳುತ್ತಿರುವ ಹೊಸ ಕೋಣೆಗೆ ದೃಷ್ಟಿ ತಾಗದಿರಲಿ ಎಂದು ಮೇಸ್ತ್ರಿ ದೊಡ್ಡಮಾದಯ್ಯ ಹಿಂದಿನ ಸಂಜೆ ಹುಲ್ಲಿನ ಬೊಂಬೆ ಕಟ್ಟಿ ಹೋಗಿದ್ದರು. ಉಬ್ಬಿದ ಹೊಟ್ಟೆ, ಇದ್ದಿಲಿನ ಮೀಸೆ. ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಬೊಂಬೆಯ ಮೈಮೇಲಿದ್ದದ್ದು ಪಕ್ಕದ ಮನೆಯ ನಂಜುಂಡಸ್ವಾಮಿಯವರ ಹಸಿರು ಚೌಕುಳಿ ಅಂಗಿ. ಜೇಬಿನ ಮೇಲಿನ ಶಾಯಿ ಕಲೆ ಸಮೇತ. ಅವರಿಗೂ ಅಂಥದೇ ಹೊಟ್ಟೆ, ಅಂಥದೇ ಮೀಸೆ.

ನಾಳೆ ತಾರಸಿ ಹಾಕಬೇಕು. ನಂಜನಗೂಡಿನ ಆ ಕಿರುಗಲ್ಲಿಯಲ್ಲಿ ಕಾಂಕ್ರೀಟ್ ಮಿಕ್ಸರ್ ನಿಲ್ಲಿಸಲು ಜಾಗವಿದ್ದದ್ದು ಅವರ ಅಂಗಳದಲ್ಲಿ ಮಾತ್ರ. ಎರಡು ವಾರ ಹೋಳಿಗೆ, ಕೋಡುಬಳೆ ಕಳಿಸಿದ ಮೇಲೆ "ನೋಡೋಣ" ಅಂದಿದ್ದರು. ನಾಳೆ ತಪ್ಪಿದರೆ ಮೇಸ್ತ್ರಿ ಟಿ. ನರಸೀಪುರದ ಕೆಲಸಕ್ಕೆ ಹೊರಡುತ್ತಾರೆ. ಇನ್ನೆರಡು ತಿಂಗಳು ಕಂಬಿಗಳು ಮಳೆಯಲ್ಲಿ ತುಕ್ಕು ಹಿಡಿಯುತ್ತವೆ.

ಬಟ್ಟೆ ಒಣಹಾಕುವ ತಂತಿಯಿಂದ ಹಾರಿ ಬಿದ್ದ ಅಂಗಿಯನ್ನು ಮೇಸ್ತ್ರಿ ಎತ್ತಿಕೊಂಡಿರಬೇಕು ಎಂದುಕೊಂಡು ಫೋನ್ ಮಾಡಿದಳು. ಸ್ವಿಚ್ ಆಫ್.

"ಏನ್ ರಂಜಿನೀ, ನಂಜುಂಡಸ್ವಾಮಿಯೋರ್ನೇ ಮ್ಯಾಕ್ಕೆ ಏರ್ಸ್‌ಬುಟ್ಟಿದ್ದೀಯಾ!" ಎದುರು ಮನೆಯ ಮಂಗಳಮ್ಮ ರಂಗೋಲಿ ಬಿಟ್ಟು ಎದ್ದು ಕೂಗಿದರು.

"ಮೆಲ್ಲಗೆ ಕಣಕ್ಕಾ!"

"ನಾನ್ ಯಾರ್ಗೂ ಏಳಕಿಲ್ಲ ಬುಡು," ಎಂದು ಮಂಗಳಮ್ಮ ಒಳಗೋಡಿ ಸೊಸೆಯನ್ನೂ ಸೊಸೆಯ ಫೋನನ್ನೂ ಕರೆತಂದರು.

ರಂಜಿನಿ ಏಣಿ ಹತ್ತಿದಳು. ಮೂರು ಗುಂಡಿ ಬಿಚ್ಚುವಷ್ಟರಲ್ಲಿ ಕೆಳಗೆ ಕೆಮ್ಮು ಕೇಳಿಸಿತು. ನಂಜುಂಡಸ್ವಾಮಿಯವರು ಬನಿಯನ್ನಿನಲ್ಲಿ ಪೇಪರ್ ಎತ್ತಿಕೊಳ್ಳಲು ಬಂದಿದ್ದರು. ಅಂಗಿ ಕಾಣಬಾರದೆಂದು ಅವಳು ಬೊಂಬೆಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡಳು, ದುಬೈಯಿಂದ ಬಂದ ಅಣ್ಣನನ್ನು ತಬ್ಬಿಕೊಂಡ ಹಾಗೆ.

"ಏನಮ್ಮಾ ಅದು?"

"ಭದ್ರವಾಗಿದೆಯಾ ಅಂತ ನೋಡ್ತಿದ್ದೆ, ಅಂಕಲ್."

"ನನ್ನ ಹಸಿರು ಅಂಗಿ ಕಂಡ್ಯಾ? ತಂತಿ ಮೇಲಿದ್ದದ್ದು ಮಾಯ! ಅದಿಲ್ದೆ ಹೊರಗೆ ಕಾಲಿಡೋಕೇ ಮನಸ್ಸಿಲ್ಲ. ಕದ್ದೋನು ಸಿಗ್ಲಿ, ಇದೆ ಅವನಿಗೆ."

ಹುಲ್ಲು ಕತ್ತಿನೊಳಗೆ ಇಳಿದು ನವೆಯಾಗುತ್ತಿತ್ತು. ಅವರು ಅಲ್ಲೇ ನಿಂತು ಪೇಪರಿನ ಕೊನೆಯ ಪುಟದ ತನಕ ಓದಿದರು.

ಅವರು ಒಳಗೆ ಹೋದೊಡನೆ ಅಂಗಿ ಕಳಚಿದಳು. ಬೆತ್ತಲೆ ಬೊಂಬೆ ಕಂಡರೆ ಮಂಗಳಮ್ಮ ಇನ್ನೊಂದು ಕತೆ ಕಟ್ಟುತ್ತಾರೆ. ಬೀರುವಿನಲ್ಲಿ ಗಂಡ ಕೃಷ್ಣ ಒಮ್ಮೆಯೂ ಹಾಕಿಕೊಳ್ಳದ ಅರಿಶಿನ ಬಣ್ಣದ ಅಂಗಿಯೊಂದಿತ್ತು, ಅದನ್ನೇ ತೊಡಿಸಿದಳು. ಹಸಿರು ಅಂಗಿಯನ್ನು ಒಗೆದು, ಶಾಯಿ ಕಲೆಗೆ ನಿಂಬೆಹಣ್ಣು ಉಜ್ಜಿ, ಇಸ್ತ್ರಿ ಮಾಡಿ, ಪಕ್ಕದವರು ಮಧ್ಯಾಹ್ನದ ನಿದ್ದೆಯಲ್ಲಿದ್ದಾಗ ಕಾಂಪೌಂಡಿನಿಂದ ಕೋಲು ಚಾಚಿ ಅವರ ತಂತಿಗೆ ಸಿಕ್ಕಿಸಿದಳು.

ಸಂಜೆ ನಂಜುಂಡಸ್ವಾಮಿಯವರು ಹಸಿರು ಅಂಗಿಯಲ್ಲಿ ಮದುಮಗನ ಹಾಗೆ ಹೊರಬಂದರು. "ಸಿಕ್ತು ಕಣಮ್ಮಾ! ಕಲೇನೂ ಹೋಗಿದೆ! ಮಿಕ್ಸರ್ ಧಾರಾಳವಾಗಿ ನಿಲ್ಲಿಸ್ಕೊಳ್ಳಿ," ಎಂದು ವಾಕಿಂಗ್ ಹೊರಟರು. ಬೆಳಗಿನಿಂದ ಮೊದಲ ಸಲ ರಂಜಿನಿ ಪೂರ್ತಿ ಉಸಿರೆಳೆದಳು.

ಗಂಡ ಬೀದಿಯ ತಿರುವು ದಾಟುವುದನ್ನೇ ಕಾದಿದ್ದ ನಂಜುಂಡಸ್ವಾಮಿಯವರ ಹೆಂಡತಿ ವಿಶಾಲಮ್ಮ ತಮ್ಮ ಗೇಟಿಗೆ ಬಂದರು. ಸೊಂಟದಲ್ಲಿ ಬೀಗದ ಕೈ ಗೊಂಚಲು.

"ಆ ಅಂಗೀನ ತಂತಿಗೆ ಹಾಕಿದ್ದು ನೀನೇನಾ?"

"ಆಂಟಿ, ಅದು... ಮೇಸ್ತ್ರಿಗೆ ಗೊತ್ತಾಗದೆ..."

"ಮೇಸ್ತ್ರಿಗೆ ಕೊಟ್ಟಿದ್ದೇ ನಾನು! ಹದಿನಾಲ್ಕು ವರ್ಷದಿಂದ ಮದುವೆಗೂ ಅದೇ, ತಿಥಿಗೂ ಅದೇ. ಹೆಂಗೋ ಪೀಡೆ ತೊಲಗ್ತು ಅಂತಿದ್ದೆ. ನೀನು ಕಲೆ ತೆಗ್ದು, ಇಸ್ತ್ರಿ ಬೇರೆ ಮಾಡಿ ಕೊಟ್ಟಿದ್ದೀಯ. ಇನ್ನೂ ಹದಿನಾಲ್ಕು ವರ್ಷ ಹಾಕ್ಕೋತಾರೆ!"

ಅಷ್ಟರಲ್ಲಿ ವಿಶಾಲಮ್ಮನ ಕಣ್ಣು ಮಹಡಿಗೆ ಹೋಗಿ ಅಲ್ಲೇ ನಿಂತಿತು.

"ಅದು... ನಮ್ಮ ಮಗಳು ಕವನನ ಮದುವೇಲಿ ನಿಮ್ಮ ಯಜಮಾನ್ರಿಗೆ ಅಂತ ನಾನೇ ಆರಿಸಿ ತಂದ ಅಂಗಿ ಅಲ್ವಾ?"

ಬೀದಿಯ ಕೊನೆಯಲ್ಲಿ ಗಡಗಡ ಸದ್ದಾಯಿತು. ಟ್ರ್ಯಾಕ್ಟರಿನ ಹಿಂದೆ ಮಿಕ್ಸರ್ ಕಟ್ಟಿಕೊಂಡು ದೊಡ್ಡಮಾದಯ್ಯ ಬರುತ್ತಿದ್ದರು. "ಗೇಟ್ ತೆಗೀರವ್ವಾ!"

ವಿಶಾಲಮ್ಮ ಗೇಟಿಗೆ ಬೀಗ ಹಾಕಿ, ಒಮ್ಮೆ ಜಗ್ಗಿ ನೋಡಿ, ಒಳಗೆ ಹೋದರು.

"ಯಾಕವ್ವಾ, ಸ್ವಾಮಿಯೋರು ಒಪ್ಪಲಿಲ್ವಾ?" ಮೇಸ್ತ್ರಿ ಕೇಳಿದರು.

"ಅವರು ಒಪ್ಪಿದ್ದಾರೆ," ಎಂದಳು ರಂಜಿನಿ, ಬೀಗವನ್ನೇ ನೋಡುತ್ತ.