ಬಾಣಂತಿ ಬಚ್ಚಲಿಗೆ ನಾನೇ ಸಾಮಾನು ತಂದದ್ದು

ಚೊಚ್ಚಲ ಹೆರಿಗೆಯಾದ ಮಗಳು ಸುಜಾತ ಸೋಮವಾರ ಆಸ್ಪತ್ರೆಯಿಂದ ನಮ್ಮ ಮನೆಗೆ ಬರುವವಳಿದ್ದಳು. ನಮ್ಮ ಬಚ್ಚಲಿಗೆ ತಡಿಕೆಯೇ ಗೋಡೆ. ಬೇತಮಂಗಲದ ಕೆರೆ ಗಾಳಿಯೆಲ್ಲ ಅದರೊಳಗೇ! ಹಸಿ ಬಾಣಂತಿಗೆ ಅಲ್ಲಿ ನೀರು ಹುಯ್ಯುವಂತಿರಲಿಲ್ಲ. ಮಂಗಳವಾರ ಮೇಸ್ತ್ರಿ ಮುನಿರಾಜುವನ್ನು ಕರೆಸಿದೆ.

“ಸಾಮಾನೂ ನಂಗೇ ಬಿಡ್ರಿ ಸಾಮೀ, ಒಟ್ಟು ಕಂಟ್ರಾಕ್ಟು. ಭಾನುವಾರಕ್ಕೆ ಒಲೆ ಅಚ್ಚಿ ನೀರು ಕಾಯಿಸ್ಕಳಿ” ಎಂದ.

ನಾನು ನಕ್ಕೆ. ಡೈರಿಯಲ್ಲಿ ದಿನಾ ಹಾಲಿನೊಳಗಿನ ನೀರು ಹಿಡಿಯುವವನು ನಾನು. ನನ್ನ ಕಿವಿಗೇ ಹೂವೇ! ಸಾಮಾನು ಖುದ್ದಾಗಿ ನಾನೇ ತರತಕ್ಕದ್ದು, ಅವನಿಗೆ ದಿನಗೂಲಿ ಮಾತ್ರ ಎಂದು ತೀರ್ಪಿತ್ತೆ. ಸಿಮೆಂಟು ರಾಬರ್ಟ್‌ಸನ್‌ಪೇಟೆಯಲ್ಲಿ ಅಗ್ಗ, ಇಟ್ಟಿಗೆ ಬಂಗಾರಪೇಟೆಯಲ್ಲಿ, ಕಂಬಿ ಆಂಡರ್ಸನ್‌ಪೇಟೆಯಲ್ಲಿ.

“ನೀವು ಮೂರೂರು ಸುತ್ತಿ ಬರೋ ಅಷ್ಟೊತ್ಗೆ ಮಗು ನಡೆಯೋಕೆ ಕಲ್ತಿರ್ತದೆ” ಎಂದಳು ಹೆಂಡತಿ ರತ್ನ.

ಬುಧವಾರ ಸಿಮೆಂಟು ಬಂತು. ಮರಳಿಲ್ಲ! ಗುರುವಾರ ಮರಳು ಬಂತು. ಇಟ್ಟಿಗೆಯವನು ಲೋಡು ತುಂಬದೆ ಟ್ರಾಕ್ಟರ್ ಹೊರಡಿಸಲಾರೆನೆಂದ. ನಾನು ಬಸ್ಸಿಳಿದು ಬಂದರೆ ಮುನಿರಾಜುವೂ ಇಬ್ಬರು ಆಳುಗಳೂ ಹುಣಸೆಮರದಡಿ ಕೂತಿದ್ದರು. ರೇಗಿಹೋಯಿತು.

“ಕೂತು ಕೂಲಿ ತಗೊಳ್ಳೋಕೆ ನಾಚಿಕೆ ಆಗಲ್ವೇನಯ್ಯಾ?”

“ಆಯ್ತದೆ ಸಾಮೀ” ಎಂದ ಮುನಿರಾಜು ಮೆಲ್ಲಗೆ. “ಅದ್ಕೇ ಕೇಳ್ತಾ ಇವ್ನಿ. ಏನಿಲ್ದೆ ಗೋಡೆ ಎಂಗ್ ಎತ್ತಾನ? ಒಂದ್ ಕಿತ ಕೈ ನಿಂತೋದ್ರೆ, ತಿರ್ಗಾ ಕೆಲ್ಸದ ಓಟಕ್ಕೆ ಬರೋಕೆ ಅರ್ಧ ದಿನ ಓಯ್ತದೆ.”

ಮೈಗಳ್ಳತನ ಅವರ ಮೈಯಲ್ಲಿರಲಿಲ್ಲ, ನನ್ನ ಖಾಲಿ ಕೈಚೀಲದಲ್ಲಿತ್ತು. ಅದನ್ನು ಒಪ್ಪಿಕೊಳ್ಳುವುದು ಬಿಟ್ಟು, “ಆಯ್ತು, ಟೀ ಕುಡೀರಿ” ಎಂದೆ.

ಶುಕ್ರವಾರ ಇಟ್ಟಿಗೆ ಬಂದದ್ದೇ ತಡ, ಸಂಜೆಯೊಳಗೆ ಗೋಡೆ ಎದೆಯೆತ್ತರ! ಶನಿವಾರ ಬಾಗಿಲ ಮೇಲಿನ ತೊಲೆಗೆ ಕಂಬಿ ಬೇಕಾಯಿತು. ಆಂಡರ್ಸನ್‌ಪೇಟೆಯ ಅಂಗಡಿ ಮೆಟ್ಟಿಲು ಹತ್ತಿದ ಮೇಲೆ ನೆನಪಾಯಿತು, ಶನಿವಾರ ಮನೆಗೆ ಕಬ್ಬಿಣ ತರಬಾರದು. ಅದೂ ಎಳೆಗೂಸು ಬರುವ ಮನೆಗೆ! ಬರಿಗೈಯಲ್ಲಿ ಬಂದೆ. ಭಾನುವಾರ ಅಂಗಡಿಗೆ ಬೀಗ.

ಸೋಮವಾರ ಸುಜಾತ ಕೂಸನ್ನೆತ್ತಿಕೊಂಡು ಬಂದು, ತಲೆಯಿಲ್ಲದ ಬಚ್ಚಲನ್ನು ನೋಡಿದಳು. “ಪರವಾಗಿಲ್ಲಪ್ಪಾ, ನಮ್ಮತ್ತೆ ಮನೇಗೇ ಹೋಗ್ತೀನಿ” ಎಂದಳು. ಚೊಚ್ಚಲ ಬಾಣಂತನ ತವರಲ್ಲಿ ಇಲ್ಲವೆಂದರೆ! ರತ್ನ ಸೆರಗಿನಿಂದ ಕಣ್ಣೊರೆಸಿಕೊಂಡಳು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು ನನಗೆ.

ಕೆಲಸಕ್ಕೆ ಬಂದಿದ್ದ ಮುನಿರಾಜು ಕರಣೆ ಕೆಳಗಿಟ್ಟ. “ಯಾಕವ್ವಾ ಓಗ್ತೀಯಾ? ಇಂದಲ ಬೀದೀಲೇ ನಮ್ಮನೆ. ಬಚ್ಚಲು ಬೆಚ್ಚಗೈತೆ. ಇದು ಮುಗಿಯೋಗಂಟ ಅಲ್ಲೇ ನೀರು ಉಯ್ಕಳಿ.”

ಅವನ ಹೆಂಡತಿಯೇ ಎಣ್ಣೆ ಹಚ್ಚಿ ನೀರು ಹುಯ್ದಳು. ಒಳಗೆ ಮಗಳು ನಗುವುದು ಕೇಳಿಸಿತು. ಅವರ ಅಂಗಳದಲ್ಲಿ ಕೂತಿದ್ದ ನಾನು, ನನ್ನಿಂದಲೂ ಏನಾದರೂ ಆಗಲಿ ಎಂದು ಎದ್ದೆ.

“ಸೌದೆ ಸಾಲದೇನೋ ಮುನಿರಾಜು, ನಾನು ತರ್ತೀನಿ!”

ಅವನು ಗಾಬರಿಯಿಂದ ಓಡಿಬಂದು ನನ್ನ ಎರಡೂ ಕೈ ಹಿಡಿದುಕೊಂಡ.

“ಬ್ಯಾಡ ಸಾಮೀ! ನೀವು ತರೋ ಒತ್ಗೆ ನೀರು ಆರೋಯ್ತದೆ. ನೀವು ಕುಂತ್ಕಳಿ.”

ಕೂತೆ.