ಡೆಲ್ಲಾ ಮರ್ಕರ್ ಕಲಿಸಿದ ಮುಷ್ಕರ

ಜೀವನ್‌ಗೆ ಸಿಟ್ಟು ನೆತ್ತಿಗೇರಿತ್ತು. ಸಂಜೆ ಕೊಯಮತ್ತೂರಿನಲ್ಲಿ ಹಾಡುಗಾರರ ಕೂಟ. ಅಮೆರಿಕದ ಜನಪದ ಗಾಯಕಿ ಡೆಲ್ಲಾ ಮರ್ಕರಳ ಬದುಕನ್ನು ಗಿಟಾರ್ ಹಿಡಿದು ಹಾಡಬೇಕು. ಅವನ ಜೀವಮಾನದ ಮೊದಲ ವೇದಿಕೆ. ಅಭ್ಯಾಸಕ್ಕೆಂದೇ ಸೂಲೂರಿನ ಮಿಲ್ಲಿಗೆ ರಜೆ ಹಾಕಿ ಕೂತರೆ, ಸೋಮನೂರಿನ ಈ ಬಾಡಿಗೆ ಮನೆಯ ಕೆಳಗಿನ ಶೆಡ್ಡಿನಲ್ಲಿ ಮಗ್ಗಗಳು ಬೆಳಗಿನಿಂದ ಬಡಿದುಕೊಳ್ಳುತ್ತಿವೆ. ತಾನು ಮೀಟಿದ ತಂತಿ ತನಗೇ ಕೇಳದು!

ಧಡಧಡನೆ ಇಳಿದು ಹೋದ. ಮನೆಗೂ ಶೆಡ್ಡಿಗೂ ಮಾಲೀಕನಾದ ಸುಬ್ಬಯ್ಯನ್ ಬಾಗಿಲಲ್ಲಿ ಕೂತು ಇಡ್ಲಿ ತಿನ್ನುತ್ತಿದ್ದ.

"ಅಣ್ಣಾ, ಒಂದೇ ಒಂದು ಗಂಟೆ ಮಗ್ಗ ನಿಲ್ಲಿಸಿ."

"ತರಿ ನಿಲ್ಸಿಬಿಟ್ಟು ಮಣ್ಣು ತಿನ್ನೋದಾ ತಂಬಿ?" ಎಂದವನು ತಲೆ ಎತ್ತದೆಯೇ ಒಳಗೆ ನೇಯುತ್ತಿದ್ದವಳಿಗೆ ಕೂಗಿದ: "ರಾಮಾತಾಳಕ್ಕಾ, ಕೊನೆ ತರಿಲಿ ನೂಲು ಕಿತ್ತಿದೆ ನೋಡು!"

ಆ ಶೆಡ್ಡಿನಲ್ಲಿ ಕಣ್ಣಿಗಿಂತ ಕಿವಿಗೇ ಕೆಲಸ ಹೆಚ್ಚು. ಸದ್ದು ಬದಲಾಯಿತೆಂದರೆ ಎಳೆ ಹರಿದಿದೆ ಎಂದೇ ಅರ್ಥ.

ಇವರ ಸದ್ದಿಗೆ ಹಕ್ಕಿದೆ, ನನ್ನದಕ್ಕೆ ಇಲ್ಲವೇ? ಜೀವನ್ ಗಿಟಾರಿಗೆ ಸ್ಪೀಕರ್ ಸಿಕ್ಕಿಸಿ, ಕಿಟಕಿ ತೆರೆದು, ಗಂಟಲು ಹರಿಯುವಂತೆ ಹಾಡಿದ. ಆದರೂ ಅರ್ಧ ಕೇಳಿತು, ಅರ್ಧ ಇಲ್ಲ.

ಮಧ್ಯಾಹ್ನ ಬೇವಿನ ಮರದಡಿ ಊಟಕ್ಕೆ ಕೂತಿದ್ದ ರಾಮಾತಾಳ್ ಅವನನ್ನು ಕರೆದಳು. "ಯಾರು ತಂಬಿ ಹೋಗ್ಬಿಟ್ಟಿದ್ದು? ಬೆಳಗ್ಗಿಂದ ಅಳ್ತಾ ಇದೀಯ, ಪಾವಂ."

"ಅಳು ಅಲ್ಲಕ್ಕಾ!" ಜೀವನ್ ಉರಿದುಬಿದ್ದ. "ಡೆಲ್ಲಾ ಅಂತ, ನಿಮ್ಮ ಹಾಗೇ ಮಿಲ್ಲಲ್ಲಿ ನೇಯ್ದವಳು. ಜೈಲಿಗೆ ಹೋದವಳು. ಮಾಲೀಕ ಕಿವಿಗೊಡದಿದ್ರೆ ಮಗ್ಗ ನಿಲ್ಲಿಸಿ ಕೈಕಟ್ಟಿ ಕೂತ್ಬಿಡಿ ಅಂತ ಊರೂರಲ್ಲಿ ಹಾಡಿದವಳು. ನಿಮಗೆ ಒಂಚೂರೂ ರೋಷ ಇಲ್ವಾ?"

"ಕೈಕಟ್ಟಿ ಕೂತ್ರೆ ಓನರ್ ಕೇಳ್ತಾನಾ?"

"ಕೇಳಲೇಬೇಕು!"

ರಾಮಾತಾಳ್ ಪಕ್ಕದಲ್ಲಿದ್ದ ನೇಕಾರ ತಿರುಮೂರ್ತಿಯ ಮುಖ ನೋಡಿದಳು. ಅವನು ತಲೆಯಾಡಿಸಿದ.

ಊಟ ಮುಗಿದರೂ ಮಗ್ಗಗಳು ಓಡಲಿಲ್ಲ. ತನ್ನ ಮಾತು ನಾಟಿತೆಂದು ಜೀವನ್‌ಗೆ ಹೆಮ್ಮೆಯಿಂದ ಕಣ್ಣು ತುಂಬಿ ಬಂತು. ಗಿಟಾರ್ ಹಿಡಿದೇ ಓಡಿಬಂದ. ಒಳಗೆ ಎಲ್ಲರೂ ಕೈಕಟ್ಟಿ ಕೂತಿದ್ದರು. ಸುಬ್ಬಯ್ಯನ್ ತಲೆಯ ಮೇಲೆ ಕೈ ಹೊತ್ತು ಕೂತಿದ್ದ.

"ಏನು ಬೇಕು ಸೊಲ್ಲಕ್ಕಾ! ಕೂಲಿನಾ? ಬೋನಸ್ಸಾ?"

"ಹೆದರಬೇಡಿ ಅಕ್ಕಾ, ಹೇಳಿ. ನಾನಿದ್ದೀನಿ!" ಎಂದ ಜೀವನ್.

ರಾಮಾತಾಳ್ ಎದ್ದು ನಿಂತಳು. "ಕೂಲಿ ಅಲ್ಲ. ಈ ತಂಬಿ ಹಾಡೋ ಪಾಟಿನ ಸದ್ದಲ್ಲಿ ನೂಲು ಕಿತ್ತಿದ್ದೇ ಕೇಳ್ತಿಲ್ಲ. ಬಟ್ಟೆಯೆಲ್ಲ ಹಾಳು. ಆ ಗಿಟಾರ್ ಬೀರುಲಿ ಇಟ್ಟು ಬೀಗ ಹಾಕು, ತರಿ ಓಡಿಸ್ತೀವಿ."

ಯಾವ ಬೇಡಿಕೆಗೂ ಸುಬ್ಬಯ್ಯನ್ ಇಷ್ಟು ಬೇಗ ಒಪ್ಪಿದವನಲ್ಲ. ಗಿಟಾರ್ ಬೀರು ಸೇರಿತು, ಬೀಗದ ಕೈ ಅವನ ಸೊಂಟ ಸೇರಿತು.

"ಅಣ್ಣಾ, ಸಂಜೆ ನನ್ನ ಪ್ರೋಗ್ರಾಂ!"

"ರಾತ್ರಿ ಶಿಫ್ಟ್ ಮುಗೀಲಿ, ತಗೋ."

"ಇದು ಅನ್ಯಾಯ!" ಜೀವನ್ ಕಿರುಚಿದ. ಆಗಲೇ ಮಗ್ಗಗಳು ಬಡಿಯತೊಡಗಿದ್ದವು, ಯಾರಿಗೂ ಕೇಳಿಸಲಿಲ್ಲ. ರಾಮಾತಾಳ್ ಮಾತ್ರ ಮರುಕದಿಂದ ಅವನ ಕಿವಿಯ ಹತ್ತಿರ ಬಂದು ಕೂಗಿದಳು:

"ಕೈಕಟ್ಟಿ ಕೂತ್ಕೋ ತಂಬಿ. ಓನರ್ ಕೇಳಲೇಬೇಕು!"